ಹರಳಿನ ಲೆಕ್ಕ ತಿದ್ದಿದ ಭಗವಂತಂ: ಸಮಮಿತಿ ಬರೀ ಅಂದಕ್ಕಲ್ಲ

ಫೆಬ್ರವರಿ 28 ಬಂತೆಂದರೆ ವಾಟ್ಸ್ಆ್ಯಪ್ ತುಂಬ ರಾಮನ್ ಪರಿಣಾಮದ ಮೆಸೇಜುಗಳು. ಒಂದೇ ಬಣ್ಣದ ಬೆಳಕನ್ನು ಹರಳಿನ ಮೇಲೆ ಬಿಟ್ಟರೆ, ಚೆದುರಿ ಬರುವ ಬೆಳಕಿನಲ್ಲಿ ಹೊಸ ಗೆರೆಗಳು ಕಾಣುತ್ತವೆ. ಇದು ಹಲವರಿಗೆ ಗೊತ್ತು. ಆದರೆ ಯಾವ ಹರಳಿನಲ್ಲಿ ಎಷ್ಟು ಗೆರೆ ಕಾಣಬೇಕು ಎಂದು ಲೆಕ್ಕ ಹಾಕಿದ ರಾಮನ್ ಅವರ ಶಿಷ್ಯ ಸೂರಿ ಭಗವಂತಂ ಅವರ ಹೆಸರು ಕೇಳಿದವರು ಕಡಿಮೆ.

ಆಂಧ್ರದ ಕೃಷ್ಣಾ ಜಿಲ್ಲೆಯಲ್ಲಿ 1909ರಲ್ಲಿ ಹುಟ್ಟಿದ ಭಗವಂತಂ, 1928ರಲ್ಲಿ ಕಲ್ಕತ್ತಾಗೆ ಹೋಗಿ ಸಿ.ವಿ. ರಾಮನ್ ಅವರ ಬಳಿ ಸಂಶೋಧನೆಗೆ ಸೇರಿದರು. ಮುಂದೆ ವಾಲ್ಟೇರಿನ ಆಂಧ್ರ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದರು. 1939ರಲ್ಲಿ ಟಿ. ವೆಂಕಟರಾಯುಡು ಅವರ ಜೊತೆ ಸೇರಿ, ಹರಳುಗಳ ರಾಮನ್ ಗೆರೆಗಳನ್ನು ಗ್ರೂಪ್ ಥಿಯರಿಯಿಂದ ವಿವರಿಸಿದರು.

ಏನಿದು ಗ್ರೂಪ್ ಥಿಯರಿ? ಮನೆ ಮುಂದಿನ ಚೌಕದ ರಂಗೋಲಿಯನ್ನು ಕಾಲು ಸುತ್ತು ತಿರುಗಿಸಿ ನೋಡಿದರೂ ಹಾಗೇ ಕಾಣುತ್ತದೆ. ಇದೇ ಸಮಮಿತಿ. ಹೀಗೆ ವಸ್ತುವನ್ನು ಬದಲಿಸದ ತಿರುಗುವಿಕೆ, ಕನ್ನಡಿ ಬಿಂಬಗಳನ್ನೆಲ್ಲ ಒಟ್ಟಿಗೆ ಲೆಕ್ಕ ಹಾಕುವ ಗಣಿತವೇ ಗ್ರೂಪ್ ಥಿಯರಿ. ತಿರುಗಿಸಿದರೂ ಹರಳು ಹಾಗೇ ಇದೆ ಎಂದರೆ ಅದರ ಗುಣವೂ ಹಾಗೇ ಇರಬೇಕು. ಆದ್ದರಿಂದ ಕೆಲವು ಅಳತೆಗಳು ಪರಸ್ಪರ ಸಮ, ಕೆಲವು ಸೊನ್ನೆ ಎಂದು ಪ್ರಯೋಗಕ್ಕೆ ಮೊದಲೇ ಹೇಳಬಹುದು.

ಭದ್ರಾವತಿಯವರಿಗೆ ಚೆನ್ನಾಗಿ ಗೊತ್ತಿರುವ ಕಬ್ಬಿಣವನ್ನೇ ತೆಗೆದುಕೊಳ್ಳಿ. ಹರಳನ್ನು ಎಳೆದಾಗ, ಒತ್ತಿದಾಗ ಅದು ಎಷ್ಟು ಮಣಿಯುತ್ತದೆ ಎಂದು ಹೇಳಲು, ಸಮಮಿತಿ ತೀರಾ ಕಡಿಮೆ ಇದ್ದರೆ 21 ಸಂಖ್ಯೆಗಳು ಬೇಕು. ಕಬ್ಬಿಣದ ಹರಳಿನಲ್ಲಿ ಪರಮಾಣುಗಳು ಘನಾಕಾರದಲ್ಲಿ ಜೋಡಣೆಯಾಗಿವೆ. ಹಾಗಾಗಿ ಅದಕ್ಕೆ 3 ಸಾಕು!

ಈ ಲೆಕ್ಕ ಹಳೆಯ ತಪ್ಪನ್ನೂ ಹಿಡಿಯಿತು. ಒತ್ತಿದ ಹರಳಿನಲ್ಲಿ ಬೆಳಕಿನ ನಡೆ ಹೇಗೆ ಬದಲಾಗುತ್ತದೆ ಎಂಬುದಕ್ಕೆ ಜರ್ಮನಿಯ ಪೊಕೆಲ್ಸ್ ಮಾಡಿದ್ದ ಪಟ್ಟಿ 19ನೇ ಶತಮಾನದ ಕೊನೆಯಿಂದ ಬಳಕೆಯಲ್ಲಿತ್ತು. ಕೆಲವು ಬಗೆಯ ಹರಳುಗಳಿಗೆ ಆ ಪಟ್ಟಿ ಸರಿಯಿಲ್ಲ ಎಂದು 1942ರಲ್ಲಿ ಭಗವಂತಂ ತೋರಿಸಿದರು.

1948ರಲ್ಲಿ ಅವರೂ ವೆಂಕಟರಾಯುಡು ಅವರೂ ಬರೆದ ಗ್ರೂಪ್ ಥಿಯರಿ ಪುಸ್ತಕ ಹೊರಬಂತು. 1957ರಿಂದ 1962ರವರೆಗೆ ಭಗವಂತಂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿದ್ದರು. ರಕ್ಷಣಾ ಸಚಿವರ ವೈಜ್ಞಾನಿಕ ಸಲಹೆಗಾರರೂ ಆದರು. 1989ರಲ್ಲಿ ತೀರಿಕೊಂಡರು.

ಸಮಮಿತಿ ಎಂದರೆ ನೋಡಲು ಚೆಂದ ಅಷ್ಟೇ ಎಂದು ಯಾರಾದರೂ ಹೇಳಿದರೆ ಈ ಕಥೆ ಹೇಳಿ. ಎಷ್ಟೇ ದೊಡ್ಡ ಹೆಸರಿನಿಂದ ಬಂದ ಪಟ್ಟಿಯಾದರೂ ಪರೀಕ್ಷಿಸಿಯೇ ಒಪ್ಪಬೇಕು. ಫಾರ್ವರ್ಡ್ ಮೆಸೇಜಿಗೂ ಇದೇ ಮಾತು.