ವ್ಯಾಪಾರಿ ವಜೀರ ಮಹಮೂದ್ ಗವಾನ್

ನಿರ್ಣಾದಿಂದ ಬೀದರಿಗೆ ಹೋದವರು ಕೋಟೆಯ ಜೊತೆಗೆ ಮದರಸಾವನ್ನೂ ನೋಡಿಕೊಂಡು ಬರುತ್ತಾರೆ. ಅಲ್ಲಲ್ಲಿ ಉಳಿದ ನೀಲಿ, ಹಸಿರು ಬಣ್ಣದ ಟೈಲ್ಸ್, ಒಂದೇ ಉಳಿದ ಎತ್ತರದ ಮಿನಾರು, ಅದರ ಮುಂದೆ ಒಂದು ಫೋಟೋ. ಅದನ್ನು 1472ರಲ್ಲಿ ಕಟ್ಟಿಸಿದವರು ಬಹಮನಿ ರಾಜ್ಯದ ವಜೀರ ಮಹಮೂದ್ ಗವಾನ್ ಎಂಬುದು ನಮಗೆಲ್ಲ ಗೊತ್ತು. ಆದರೆ ಅವರು ಮೊದಲು ವ್ಯಾಪಾರಿ, ವಜೀರರಾದ ಮೇಲೂ ವ್ಯಾಪಾರ ಬಿಡಲಿಲ್ಲ. ವಾಣಿಜ್ಯ ವಿಭಾಗದಲ್ಲಿ ಓದುವ ನನಗೆ ಅವರ ಯುದ್ಧಗಳಿಗಿಂತ ಈ ವಿಷಯವೇ ಹೆಚ್ಚು ಹಿಡಿಸಿತು.

ಇರಾನಿನ ಉತ್ತರಕ್ಕೆ, ಕ್ಯಾಸ್ಪಿಯನ್ ಸಮುದ್ರದ ದಂಡೆಯಲ್ಲಿ ಗೀಲಾನ್ ಎಂಬ ಸೀಮೆ ಇದೆ. ಅಲ್ಲಿ 1411ರ ಸುಮಾರಿಗೆ ಅವರು ಹುಟ್ಟಿದರು. ಪೂರ್ಣ ಹೆಸರು ಖ್ವಾಜಾ ಇಮಾದುದ್ದೀನ್ ಮಹಮೂದ್. ಮನೆತನದವರು ಅಲ್ಲಿಯ ಅರಸರ ಹತ್ತಿರ ದೊಡ್ಡ ಹುದ್ದೆಗಳಲ್ಲಿದ್ದರು. ದರಬಾರಿನ ಒಳಜಗಳದಿಂದ ಊರು ಬಿಟ್ಟು, ವ್ಯಾಪಾರ ಮಾಡುತ್ತ ದೇಶ ದೇಶ ತಿರುಗಿದರು. 1453ರಲ್ಲಿ ಕೊಂಕಣದ ದಾಭೋಳ ಬಂದರಿನಲ್ಲಿ ಇಳಿದು ಬೀದರಿಗೆ ಬಂದಾಗ ಅವರಿಗೆ ವಯಸ್ಸು ನಲವತ್ತು ದಾಟಿತ್ತು. ಇಲ್ಲಿಯ ಸೂಫಿ ಸಂತರನ್ನು ಕಂಡು ದಿಲ್ಲಿಗೆ ಹೋಗುವ ವಿಚಾರವಿತ್ತು. ಸುಲ್ತಾನ ಎರಡನೆಯ ಅಲಾವುದ್ದೀನ್ ಅಹಮದ್ ಅವರ ಮಾತು, ನಡತೆ ನೋಡಿ ಇಲ್ಲೇ ಇರಿಸಿಕೊಂಡ. ಮುಂದೆ ಹುಮಾಯೂನ್ ಸುಲ್ತಾನನ ಕಾಲದಲ್ಲಿ ಅವರಿಗೆ ಮಲಿಕ್-ಉತ್-ತುಜ್ಜಾರ್ ಎಂಬ ಬಿರುದು ಸಿಕ್ಕಿತು. ಅಂದರೆ ವ್ಯಾಪಾರಿಗಳ ಒಡೆಯ. 1461ರ ನಂತರ ಗದ್ದುಗೆಗೆ ಬಂದವರು ಎಳೆಯ ಹುಡುಗರು. ರಾಜಮಾತೆಯ ಜೊತೆ ಸೇರಿ ರಾಜ್ಯ ನಡೆಸಿದ ಗವಾನ್, 1466ರಿಂದ ಮೂರನೆಯ ಮುಹಮ್ಮದ್ ಷಾನ ಪ್ರಧಾನ ಮಂತ್ರಿಯಾದರು.

ಈಗ ಲೆಕ್ಕಕ್ಕೆ ಬರೋಣ. ನೂರು ವರ್ಷಕ್ಕೂ ಹೆಚ್ಚು ಕಾಲ ಕಳೆದ ಮೇಲೆ ಬಿಜಾಪುರದಲ್ಲಿ ಕುಳಿತು ಇತಿಹಾಸ ಬರೆದ ಫರಿಶ್ತಾ ಹೇಳುವ ಪ್ರಕಾರ, ಗವಾನ್ ದಖನ್ನಿಗೆ ಬರುವಾಗ 40,000 ಲಾರಿ ಬಂಡವಾಳ ತಂದಿದ್ದರು. ಲಾರಿ ಎಂದರೆ ಬೆಳ್ಳಿಯ ತಂತಿಯನ್ನು ಮಡಿಸಿ ಮಾಡಿದ ನಾಣ್ಯ. ಆ ಬಂಡವಾಳವನ್ನು ಅವರು ಕೊನೆಯತನಕ ವ್ಯಾಪಾರದಲ್ಲೇ ತೊಡಗಿಸಿದರು. ತಮ್ಮ ಊಟ, ಬಟ್ಟೆ ಎಲ್ಲ ಅದರ ಲಾಭದಿಂದ. ಹುದ್ದೆಯಿಂದ ಬಂದ ಜಹಗೀರಿನ ಹಣ ಸೈನಿಕರಿಗೆ, ಕುದುರೆ, ಆನೆಗಳಿಗೆ. ಉಳಿದದ್ದು ಸುಲ್ತಾನನ ಹೆಸರಿನಲ್ಲಿ ಬಡವರಿಗೆ. ಇಷ್ಟು ದೊಡ್ಡ ವಜೀರರ ಅಡುಗೆ ಮಣ್ಣಿನ ಮಡಕೆಯಲ್ಲಿ, ನಿದ್ದೆ ಚಾಪೆಯ ಮೇಲೆ. ಶುಕ್ರವಾರದ ರಾತ್ರಿ ವೇಷ ಮರೆಸಿಕೊಂಡು ಓಣಿಗಳಲ್ಲಿ ಹಣ ಹಂಚುತ್ತಿದ್ದರು, ಅದು ಸುಲ್ತಾನ ಕಳಿಸಿದ್ದು ಎಂದು ಹೇಳುತ್ತಿದ್ದರು.

ಮಾಲೀಕನೇ ಬೇರೆ, ವ್ಯವಹಾರವೇ ಬೇರೆ ಎಂದು ಲೆಕ್ಕಶಾಸ್ತ್ರದ ಮೊದಲ ಪಾಠಗಳಲ್ಲೇ ನಮಗೆ ಕಲಿಸುತ್ತಾರೆ. ಪರೀಕ್ಷೆಯಲ್ಲಿ ಬರೆಯುವುದು ಸುಲಭ, ಗಲ್ಲಾಪೆಟ್ಟಿಗೆಯ ಮುಂದೆ ಕುಳಿತಾಗ ಪಾಲಿಸುವುದು ಕಷ್ಟ. ಇಲ್ಲಿ ಒಂದು ಮಾತು ನೆನಪಾಗುತ್ತದೆ. ಕನ್ನಡ ಪತ್ರಿಕೆಯಲ್ಲಿ ನೌಕರ ಅಮಾನತು ಎಂದರೆ ಕೆಲಸದಿಂದ ಹೊರಗಿಟ್ಟರು ಎಂದರ್ಥ. ನಮ್ಮ ಮನೆಯ ಉರ್ದುವಿನಲ್ಲಿ ಅಮಾನತ್ ಎಂದರೆ ಒಬ್ಬರು ನಂಬಿ ನಮ್ಮ ಕೈಗೆ ಒಪ್ಪಿಸಿದ ವಸ್ತು. ಗವಾನ್ ಅವರಿಗೆ ಖಜಾನೆ ಈ ಎರಡನೆಯ ಅರ್ಥದ್ದು.

ಕಾಗದ ಬರೆಯುವುದರಲ್ಲೂ ಅವರು ಅಷ್ಟೇ ಶಿಸ್ತಿನವರು. ಅವರ ಪತ್ರಗಳ ಸಂಗ್ರಹಕ್ಕೆ ರಿಯಾಜ್-ಉಲ್-ಇನ್ಶಾ ಎಂದು ಹೆಸರು. ತುರ್ಕಿಯ ಸುಲ್ತಾನನಿಗೆ, ಕವಿ ಜಾಮಿಗೆ, ತಮ್ಮ ಮಕ್ಕಳಿಗೆ ಬರೆದ ಪತ್ರಗಳು ಅದರಲ್ಲಿವೆ. ಪತ್ರ ಬರೆಯುವ ವಿದ್ಯೆಯ ಬಗ್ಗೆಯೇ ಮನಾಜಿರ್-ಉಲ್-ಇನ್ಶಾ ಎಂಬ ಇನ್ನೊಂದು ಪುಸ್ತಕ ಬರೆದರು. ದೊಡ್ಡವರಿಗೆ ಹೇಗೆ, ಸರಿಸಮಾನರಿಗೆ ಹೇಗೆ, ಕೈಕೆಳಗಿನವರಿಗೆ ಹೇಗೆ ಬರೆಯಬೇಕು ಎಂಬುದೂ ಅದರ ವಿಷಯ. ನಾವು ವ್ಯವಹಾರ ಪತ್ರ ಕಲಿಯುವಾಗ ಮೇಲೆ ವಿಳಾಸ, ಕೆಳಗೆ ಸಹಿ ಎಂದು ಬಾಯಿಪಾಠ ಮಾಡುತ್ತೇವೆ. ಓದುವವರು ಯಾರು ಎಂದು ಮೊದಲು ಯೋಚಿಸುವುದನ್ನು ಬೀದರಿನ ವಜೀರರು ಐನೂರು ವರ್ಷಗಳ ಹಿಂದೆಯೇ ಬರೆದಿಟ್ಟಿದ್ದರು.

ಗೋವಾ, ಬೆಳಗಾವಿ ಗೆದ್ದ ಹೊತ್ತಿಗೆ ಅವರ ಕೀರ್ತಿ ಬಹಳ ಹೆಚ್ಚಿತು. ಸುಲ್ತಾನ ಒಂದು ವಾರ ಅವರ ಮನೆಯಲ್ಲೇ ತಂಗಿದ, ರಾಜಮಾತೆ ಅವರನ್ನು ತಮ್ಮ ಸೋದರ ಎಂದು ಕರೆದರು. ಅತಿಥಿಗಳು ಹೋದ ಮೇಲೆ ಗವಾನ್ ಬಾಗಿಲು ಹಾಕಿಕೊಂಡು, ರೇಷ್ಮೆ ಬಟ್ಟೆ ತೆಗೆದು ಅತ್ತರಂತೆ. ಗರ್ವ ತಮ್ಮನ್ನು ಮುಟ್ಟಿತೆಂದು ಅವರಿಗೆ ಅನ್ನಿಸಿತ್ತು. ಆಮೇಲೆ ಹಣ, ಒಡವೆ ಎಲ್ಲ ಹಂಚಿಬಿಟ್ಟರು. ಕುದುರೆ, ಆನೆ ಮತ್ತು ಪುಸ್ತಕ ಮಾತ್ರ ಕೊಡಲಿಲ್ಲ, ಏಕೆಂದರೆ ಮೊದಲೆರಡು ಸುಲ್ತಾನನವು, ಪುಸ್ತಕಗಳು ವಿದ್ಯಾರ್ಥಿಗಳವು.

ಇಂಥವರಿಗೆ ವೈರಿಗಳು ಏಕೆ? ಲೆಕ್ಕ ಕೇಳಿದ್ದಕ್ಕೆ. ರಾಜ್ಯದ ನಾಲ್ಕು ದೊಡ್ಡ ಪ್ರಾಂತಗಳನ್ನು ಅವರು ಎಂಟು ಮಾಡಿದರು. ಪ್ರಾಂತದ ಅಧಿಕಾರಿಗೆ ಒಂದೇ ಕೋಟೆ, ಉಳಿದವು ನೇರ ಸುಲ್ತಾನನ ಕೈಗೆ. ಸೈನಿಕರ ಸಂಖ್ಯೆ ಕಾಗದದಲ್ಲಿ ಇದ್ದಷ್ಟು ಇಲ್ಲದಿದ್ದರೆ ಅಷ್ಟು ಹಣ ಖಜಾನೆಗೆ ವಾಪಸ್ಸು. ದಖನಿಗಳು ಮತ್ತು ಹೊರದೇಶದಿಂದ ಬಂದ ಆಫಾಕಿಗಳು ಒಬ್ಬರನ್ನೊಬ್ಬರು ಸಹಿಸುತ್ತಿರಲಿಲ್ಲ. ಗವಾನ್ ತಾವು ಹೊರಗಿನವರಾದರೂ ಹುದ್ದೆಗಳನ್ನು ಎರಡೂ ಪಂಗಡಕ್ಕೆ ಹಂಚಿದರು. ಆದರೂ ಅಧಿಕಾರ ಕಡಿಮೆಯಾದವರ ಸಿಟ್ಟು ಇಳಿಯಲಿಲ್ಲ.

ಅವರು ಹೂಡಿದ ಸಂಚು ನಮ್ಮಂಥವರು ಗಮನವಿಟ್ಟು ಓದಬೇಕಾದದ್ದು. ಅದರಲ್ಲಿ ಕತ್ತಿ ಇಲ್ಲ, ವಿಷ ಇಲ್ಲ. ಗವಾನ್ ಅವರ ಮೊಹರು ಕಾಯುವವನ ಗೆಳೆತನ ಬೆಳೆಸಿ, ಕಾಣಿಕೆ ಕೊಟ್ಟು, ಕುಡಿಸಿ, ಮಡಿಸಿದ ಒಂದು ಕಾಗದ ಮುಂದಿಟ್ಟರು. ಇದು ಒಬ್ಬ ಗೆಳೆಯನ ಲೆಕ್ಕದ ಕಾಗದ, ಬೇರೆ ಅಧಿಕಾರಿಗಳ ಮೊಹರು ಆಗಿದೆ, ನಿಮ್ಮದೊಂದು ಬಾಕಿ ಎಂದರು. ಅವನು ಬಿಚ್ಚಿ ನೋಡದೆ ಮೊಹರು ಒತ್ತಿದ. ಒಳಗೆ ಕಾಗದ ಖಾಲಿ ಇತ್ತು. ಅದರ ಮೇಲೆ ಒರಿಸ್ಸಾದ ಅರಸನಿಗೆ, ಸುಲ್ತಾನನ ವಿರುದ್ಧ ದಂಡೆತ್ತಿ ಬರುವಂತೆ ಕರೆ ಬರೆದು ಸುಲ್ತಾನನಿಗೆ ತೋರಿಸಿದರು.

ಆಗ ಸುಲ್ತಾನನ ಬೀಡು ಆಂಧ್ರದ ಕೊಂಡಪಲ್ಲಿಯಲ್ಲಿತ್ತು. ಕರೆ ಬಂದಾಗ ಗೆಳೆಯರು ಹೋಗಬೇಡಿ ಎಂದರು, ಗುಜರಾತಿಗೆ ಹೋಗಿಬಿಡಿ, ನಾವೂ ಬರುತ್ತೇವೆ ಎಂದರು. ಗವಾನ್ ಒಪ್ಪಲಿಲ್ಲ, ಕರೆದವರ ಮುಂದೆ ಹೋಗಿ ನಿಂತರು. ಸುಲ್ತಾನ ಕುಡಿದಿದ್ದ. ಮೊಹರು ತನ್ನದೇ, ಬರವಣಿಗೆ ತನ್ನದಲ್ಲ ಎಂದು ಗವಾನ್ ಹೇಳಿದ್ದನ್ನು ವಿಚಾರಿಸುವ ತಾಳ್ಮೆ ಅವನಿಗಿರಲಿಲ್ಲ. 1481ರ ಏಪ್ರಿಲ್ 5ರಂದು, ಸುಮಾರು 70ರ ವಯಸ್ಸಿನ ಆ ಮುದುಕರ ತಲೆ ಕಡಿಸಿದ. ದೇಹವನ್ನು ಬೀದರಿಗೆ ತಂದು ಊರ ಹತ್ತಿರದ ಗೋರ್ನಳ್ಳಿಯಲ್ಲಿ ಮಣ್ಣು ಮಾಡಿದರು. ಸುಲ್ತಾನ ಒಂದು ವರ್ಷವೂ ಬದುಕಲಿಲ್ಲ, ರಾಜ್ಯ ಐದು ಹೋಳಾಯಿತು.

ಕೊಲ್ಲಿಸಿದ ಮೇಲೆ ಸುಲ್ತಾನನಿಗೆ ವಜೀರರ ಸಂಪತ್ತಿನ ಆಸೆಯಾಯಿತು. ಖಜಾಂಚಿಯನ್ನು ಕರೆಸಿ ಬೆದರಿಸಿದ. ಆತ ಲೆಕ್ಕ ಒಪ್ಪಿಸಿದ. ಸೈನ್ಯಕ್ಕೆಂದು ಇಟ್ಟ ಹಣ ಸ್ವಲ್ಪ ಇತ್ತು, ಅದು ಸುಲ್ತಾನನದೇ. ವಜೀರರ ಸ್ವಂತ ಪೆಟ್ಟಿಗೆಯಲ್ಲಿ ಕೆಲವು ನೂರು ಲಾರಿ. ಬಚ್ಚಿಟ್ಟದ್ದು ಏನೂ ಸಿಗಲಿಲ್ಲ. ಗ್ರಂಥಾಲಯದಲ್ಲಿ 3000 ಪುಸ್ತಕಗಳಿದ್ದವು, ಅವು ವಿದ್ಯಾರ್ಥಿಗಳ ಲೆಕ್ಕಕ್ಕೆ.