ಕುರ್ಚಿ ಸಿಕ್ಕ ಮೇಲೆ

☸️ *ಇಂದಿನ ಧಮ್ಮ ಚಿಂತನೆ*





ಕೆಲಸಕ್ಕೆ ಹೊರಡುವ ಮುನ್ನ ಹತ್ತು ನಿಮಿಷ ಬಿಡುವು ಮಾಡಿಕೊಂಡು ಇದನ್ನು ಓದಿ. ನಮ್ಮಲ್ಲಿ ಹಲವರು ಇವತ್ತು ಕಚೇರಿ, ಶಾಲೆ, ಬ್ಯಾಂಕು, ಆಸ್ಪತ್ರೆ, ಕಾರ್ಖಾನೆಗೆ ಹೋಗುತ್ತೇವೆ. ಅಲ್ಲಿ ನಮಗೊಂದು ಕುರ್ಚಿ ಇದೆ. ಅದು ಯಾರ ಹೋರಾಟದಿಂದ ಬಂತು ಎಂದು ನಮಗೆ ಗೊತ್ತು. ಆದರೆ ಬಾಬಾಸಾಹೇಬರಿಗೆ ತಾವು ಕೆಲಸ ಮಾಡಿದ ಜಾಗದಲ್ಲಿ ಏನಾಯಿತು, ಮುಂದೆ ಅಧಿಕಾರದ ಕುರ್ಚಿ ಸಿಕ್ಕಾಗ ಅವರು ಏನು ಮಾಡಿದರು ಎಂಬ ಎರಡು ಸಂಗತಿಗಳನ್ನು ನಾವು ಜೊತೆಗಿಟ್ಟು ನೋಡುವುದು ಕಡಿಮೆ. ಇವತ್ತು ಹಾಗೆ ನೋಡೋಣ.

*ಬರೋಡದ ಹನ್ನೊಂದು ದಿನ*

ಬಾಬಾಸಾಹೇಬರು ಹುಟ್ಟಿದ್ದು 1891ರ ಏಪ್ರಿಲ್ 14ರಂದು, ಮಹೂವಿನಲ್ಲಿ. ಶಾಲೆಯಲ್ಲಿ ಅವರು ಮೂಲೆಯಲ್ಲಿ ಗೋಣಿತಟ್ಟಿನ ಮೇಲೆ ಕೂರಬೇಕಿತ್ತು. ಅದನ್ನು ದಿನವೂ ಮನೆಯಿಂದ ತರಬೇಕು, ದಿನವೂ ಹೊತ್ತೊಯ್ಯಬೇಕು. ನಲ್ಲಿಯನ್ನು ಮುಟ್ಟುವ ಹಾಗಿಲ್ಲ. ಶಾಲೆಯ ಜವಾನ ಬಂದು ತಿರುಗಿಸಿದರೆ ನೀರು, ಅವನಿಲ್ಲದ ದಿನ ಬಾಯಾರಿಕೆ. ಈ ಕಥೆ ನಮ್ಮ ಮನೆಯ ಮಕ್ಕಳಿಗೂ ಗೊತ್ತು.

ಚೆನ್ನಾಗಿ ಓದಿ ದೊಡ್ಡ ಪದವಿ ಪಡೆದರೆ ಇದೆಲ್ಲ ತಾನಾಗಿ ತೊಲಗುತ್ತದೆ ಎಂದು ಆ ಹುಡುಗ ನಂಬಿದ್ದರೆ ಅದರಲ್ಲಿ ತಪ್ಪೇನೂ ಇರಲಿಲ್ಲ. 1913ರಲ್ಲಿ ಬರೋಡದ ಮಹಾರಾಜ ಸಯಾಜಿರಾವ್ ಗಾಯಕವಾಡರ ವಿದ್ಯಾರ್ಥಿವೇತನದಿಂದ ಅವರು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋದರು. ಓದು ಮುಗಿದ ಮೇಲೆ ಹತ್ತು ವರ್ಷ ಬರೋಡ ಸಂಸ್ಥಾನದಲ್ಲಿ ಸೇವೆ ಮಾಡಬೇಕೆಂಬ ಕರಾರಿತ್ತು. 1916ರಲ್ಲಿ ಲಂಡನ್ನಿಗೆ ಹೋದರು. ವೇತನದ ಅವಧಿ ಮುಗಿದದ್ದರಿಂದ ಅಲ್ಲಿನ ಓದನ್ನು ಅರ್ಧಕ್ಕೆ ಬಿಟ್ಟು 1917ರಲ್ಲಿ ಮರಳಿದರು. ಕರಾರಿನಂತೆ ಬರೋಡಕ್ಕೆ ಹೋಗಿ ಅಕೌಂಟೆಂಟ್ ಜನರಲ್ ಕಚೇರಿಯಲ್ಲಿ ಕೆಲಸಕ್ಕೆ ಸೇರಿದರು. ಆಗ ಅವರಿಗೆ 26 ವರ್ಷ.

ಆ ಕಚೇರಿಯ ಜವಾನರು ಮೈಲಿಗೆಗೆ ಅಂಜಿ ಫೈಲುಗಳನ್ನು ಅವರ ಮೇಜಿನ ಮೇಲೆ ದೂರದಿಂದಲೇ ಎಸೆಯುತ್ತಿದ್ದರು. ಅವರು ನಡೆಯುವಾಗ ನೆಲದ ಜಮಖಾನೆ ಸುತ್ತಿಡುತ್ತಿದ್ದರು. ಕುಡಿಯುವ ನೀರು ಅವರಿಗೆ ಸಿಗುತ್ತಿರಲಿಲ್ಲ. ಊರಿನಲ್ಲಿ ಬಾಡಿಗೆಗೆ ಮನೆಯೂ ಇಲ್ಲ. ಒಂದು ಪಾರ್ಸಿ ವಸತಿಗೃಹದಲ್ಲಿ, ಪಾರ್ಸಿ ಹೆಸರು ಬರೆಸಿ, ದಿನಕ್ಕೆ ಒಂದೂವರೆ ರೂಪಾಯಿ ಕೊಟ್ಟು ಉಳಿದರು. ಹನ್ನೊಂದನೆಯ ದಿನ ಬೆಳಿಗ್ಗೆ ಕಚೇರಿಗೆ ಹೊರಡುವ ಹೊತ್ತಿಗೆ ಹತ್ತು ಹನ್ನೆರಡು ಪಾರ್ಸಿಗಳು ಕೋಲು ಹಿಡಿದು ಬಂದರು. ಸಂಜೆಯೊಳಗೆ ಜಾಗ ಖಾಲಿ ಮಾಡಬೇಕೆಂದು ಗದರಿಸಿದರು.

ಇಬ್ಬರು ಗೆಳೆಯರನ್ನು ಕೇಳಿದರು. ಒಬ್ಬರು ಹಿಂದೂ, ಇನ್ನೊಬ್ಬರು ಕ್ರೈಸ್ತ. ಒಬ್ಬರು ಮನೆಯ ಆಳುಗಳು ಬಿಟ್ಟುಹೋಗುತ್ತಾರೆ ಎಂದರು, ಮತ್ತೊಬ್ಬರು ಹೆಂಡತಿಯನ್ನು ಕೇಳಬೇಕು ಎಂದರು. ಸಂಜೆ ನಾಲ್ಕರಿಂದ ರಾತ್ರಿ ಒಂಬತ್ತರ ಮುಂಬಯಿ ರೈಲಿನವರೆಗೆ ಅವರು ಕಮಾಟಿ ಬಾಗ್ ಎಂಬ ಉದ್ಯಾನದಲ್ಲಿ ಕಳೆದರು. ಹತ್ತು ವರ್ಷದ ಕರಾರು ಹೀಗೆ ಕೊನೆಯಾಯಿತು.

ಇಲ್ಲಿ ಒಂದು ಕ್ಷಣ ನಿಲ್ಲೋಣ. ಅವರನ್ನು ಯಾರೂ ಕೆಲಸದಿಂದ ತೆಗೆಯಲಿಲ್ಲ. ನೇಮಕಾತಿ ಪತ್ರ ಅವರ ಕೈಯಲ್ಲೇ ಇತ್ತು. ಓದಿಸಿದ ಮಹಾರಾಜರಿಗೆ ಅವರ ಮೇಲೆ ಅಭಿಮಾನವಿತ್ತು. ಆದರೂ ಅವರು ಆ ಕಚೇರಿಯಲ್ಲಿ ಉಳಿಯಲಾಗಲಿಲ್ಲ. ಫೈಲು ಎಸೆಯುವ ಕೈ, ಸುತ್ತಿಟ್ಟ ಜಮಖಾನೆ, ಸಿಗದ ಒಂದು ಲೋಟ ನೀರು, ಇಷ್ಟೇ ಸಾಕಾಯಿತು. ಒಬ್ಬರನ್ನು ಹೊರಗಿಡಲು ಆದೇಶ ಬೇಕಿಲ್ಲ. ಮೇಲಿನವರ ಮನಸ್ಸು ಒಳ್ಳೆಯದಿದ್ದರೂ ಕೆಳಗಿನ ನಡವಳಿಕೆ ಬದಲಾಗದಿದ್ದರೆ ಆ ಒಳ್ಳೆಯತನ ಮೇಜಿನ ತನಕ ಬರುವುದಿಲ್ಲ.

*ಪ್ರಾಧ್ಯಾಪಕರ ಹೂಜಿ*

1918ರ ನವೆಂಬರಿನಲ್ಲಿ ಅವರು ಮುಂಬಯಿಯ ಸಿಡೆನ್‌ಹ್ಯಾಮ್ ಕಾಲೇಜಿನಲ್ಲಿ ಅರ್ಥಶಾಸ್ತ್ರದ ಪ್ರಾಧ್ಯಾಪಕರಾದರು. ಪಾಠ ಎಷ್ಟು ಚೆನ್ನಾಗಿತ್ತೆಂದರೆ ಬೇರೆ ಕಾಲೇಜುಗಳ ವಿದ್ಯಾರ್ಥಿಗಳೂ ಬಂದು ಕೇಳುತ್ತಿದ್ದರು. ಆದರೆ ಪ್ರಾಧ್ಯಾಪಕರಿಗೆಂದು ಇಟ್ಟಿದ್ದ ಹೂಜಿಯಿಂದ ಅವರು ನೀರು ಕುಡಿಯುವುದಕ್ಕೆ ಕೆಲವು ಸಹೋದ್ಯೋಗಿಗಳು ಆಕ್ಷೇಪ ಎತ್ತಿದರು.

ಬರೋಡದಲ್ಲಿ ಅವಮಾನ ಮಾಡಿದವರು ಓದದ ಜವಾನರು ಎಂದು ಸಮಾಧಾನ ಮಾಡಿಕೊಳ್ಳಬಹುದಿತ್ತು. ಇಲ್ಲಿ ಆಕ್ಷೇಪಿಸಿದವರು ಪ್ರಾಧ್ಯಾಪಕರು. ಓದು ತಲೆ ತುಂಬುತ್ತದೆ, ಆದರೆ ಮನಸ್ಸನ್ನು ತಾನಾಗಿ ತೊಳೆಯುವುದಿಲ್ಲ. ಅದಕ್ಕೆ ಬೇರೆಯೇ ಸಾಧನೆ ಬೇಕು.

ಒಂದೂಕಾಲು ವರ್ಷ ಅಲ್ಲಿ ದುಡಿದು, ಹಣ ಉಳಿಸಿ, 1920ರಲ್ಲಿ ಅವರು ಅರ್ಧಕ್ಕೆ ನಿಂತ ಓದಿಗಾಗಿ ಮತ್ತೆ ಲಂಡನ್ನಿಗೆ ಹೋದರು. ಬ್ಯಾರಿಸ್ಟರ್ ಆಗಿ ಮರಳಿದರು. 1927ರ ಮಾರ್ಚ್ 20ರಂದು ಮಹಾಡದ ಚವದಾರ್ ಕೆರೆಯ ನೀರನ್ನು ಸಾವಿರಾರು ಜನರೊಂದಿಗೆ ಮುಟ್ಟಿದರು. ಶಾಲೆಯ ನಲ್ಲಿ, ಬರೋಡದ ಲೋಟ, ಕಾಲೇಜಿನ ಹೂಜಿ, ಎಲ್ಲದರ ಬಾಯಾರಿಕೆಯೂ ಅಂದಿನ ಆ ಬೊಗಸೆಯಲ್ಲಿ ಇದ್ದಿರಬೇಕು.

*ನೂಲಿನ ತುದಿ*

ಈಗ ಅವರ ಕಣ್ಣು ತನ್ನೊಬ್ಬನ ಗಾಯದ ಮೇಲಿರಲಿಲ್ಲ. ಮುಂಬಯಿಯ ಬಟ್ಟೆ ಗಿರಣಿಗಳಲ್ಲಿ ನಮ್ಮವರು ಸಾವಿರಾರು ಮಂದಿ ದುಡಿಯುತ್ತಿದ್ದರು. ಆದರೆ ಒಳ್ಳೆಯ ಕೂಲಿ ಸಿಗುವ ನೇಯ್ಗೆ ವಿಭಾಗಕ್ಕೆ ಅವರಿಗೆ ಪ್ರವೇಶವಿರಲಿಲ್ಲ. ಅದಕ್ಕೆ ಕಾರಣ ಲಾಳಿ. ಹೊಸ ನೂಲು ಪೋಣಿಸುವಾಗ ನೇಕಾರ ಅದರ ತುದಿಯನ್ನು ಲಾಳಿಯ ಕಣ್ಣಿನಿಂದ ಬಾಯಲ್ಲಿ ಹೀರಿ ಎಳೆಯುತ್ತಿದ್ದ. ಅಸ್ಪೃಶ್ಯರ ಬಾಯಿ ಸೋಕಿದ ಲಾಳಿಯನ್ನು ಇತರ ಕಾರ್ಮಿಕರು ಮುಟ್ಟಲು ಒಪ್ಪಲಿಲ್ಲ. ಹೊಟ್ಟೆಪಾಡಿಗೆ ದುಡಿಯುವವರೇ, ಮಾಲೀಕರ ಕೈಯಲ್ಲಿ ನಲುಗಿದವರೇ, ಪಕ್ಕದವನ ಎಂಜಲಿಗೆ ಜಾತಿ ಹುಡುಕಿದರು.

1928ರಲ್ಲಿ ಗಿರಣಿ ಕಾರ್ಮಿಕರ ದೊಡ್ಡ ಮುಷ್ಕರ ನಡೆಯಿತು. ಎಲ್ಲ ವಿಭಾಗಗಳಲ್ಲೂ ಅಸ್ಪೃಶ್ಯರಿಗೆ ಕೆಲಸದ ಹಕ್ಕು ಬೇಕೆಂಬುದನ್ನು ಬೇಡಿಕೆಗಳಲ್ಲಿ ಸೇರಿಸಬೇಕೆಂದು ಬಾಬಾಸಾಹೇಬರು ನಾಯಕರಿಗೆ ಹೇಳಿದರು. ಸೇರಿಸದಿದ್ದರೆ ನಮ್ಮ ಕಾರ್ಮಿಕರು ಮುಷ್ಕರದಲ್ಲಿ ಇರುವುದಿಲ್ಲ ಎಂದೂ ಎಚ್ಚರಿಸಿದರು. ನಾಯಕರು ಒಲ್ಲದ ಮನಸ್ಸಿನಿಂದಲೇ ಒಪ್ಪಿದರು.

1938ರ ಫೆಬ್ರುವರಿಯಲ್ಲಿ ಮನ್ಮಾಡದಲ್ಲಿ ಅಸ್ಪೃಶ್ಯ ರೈಲ್ವೆ ಕಾರ್ಮಿಕರ ಸಮ್ಮೇಳನ ನಡೆದಾಗಲೂ ಇದೇ ಮಾತು ಬಂತು. ನಮ್ಮವರು ಬದುಕಿಡೀ ಗ್ಯಾಂಗ್‌ಮನ್ ಆಗಿಯೇ ಉಳಿಯುತ್ತಿದ್ದರು. ಪೋರ್ಟರ್ ಕೆಲಸವೂ ದೊರೆಯುತ್ತಿರಲಿಲ್ಲ. ಏಕೆಂದರೆ ಸ್ಟೇಷನ್ ಮಾಸ್ತರರು ಪೋರ್ಟರನನ್ನು ಮನೆಗೆಲಸಕ್ಕೂ ಬಳಸುತ್ತಿದ್ದರು, ಅಸ್ಪೃಶ್ಯನಾದರೆ ಮನೆಯೊಳಗೆ ಬಿಡುವಂತಿರಲಿಲ್ಲ. ಬ್ರಾಹ್ಮಣಶಾಹಿ ಮತ್ತು ಬಂಡವಾಳಶಾಹಿ ಎರಡೂ ಕಾರ್ಮಿಕರ ಶತ್ರುಗಳು ಎಂದು ಅವರು ಅಲ್ಲಿ ಸ್ಪಷ್ಟವಾಗಿ ಸಾರಿದರು.

*ಕುರ್ಚಿ ಸಿಕ್ಕ ಮೇಲೆ*

1942ರ ಜುಲೈನಲ್ಲಿ ಬಾಬಾಸಾಹೇಬರು ವೈಸ್‌ರಾಯರ ಕಾರ್ಯಕಾರಿ ಮಂಡಳಿಯಲ್ಲಿ ಕಾರ್ಮಿಕ ಸದಸ್ಯರಾದರು. ಇಂದಿನ ಲೆಕ್ಕದಲ್ಲಿ ಕೇಂದ್ರದ ಕಾರ್ಮಿಕ ಮಂತ್ರಿ. ಫೈಲು ಎಸೆಸಿಕೊಂಡಿದ್ದವರ ಸಹಿಗಾಗಿ ಈಗ ಫೈಲುಗಳು ಕಾಯುತ್ತಿದ್ದವು.

ನೊಂದವನಿಗೆ ಅಧಿಕಾರ ಬಂದಾಗ ಎರಡು ದಾರಿಗಳಿರುತ್ತವೆ. ನನಗಾದದ್ದು ಎಲ್ಲರಿಗೂ ಆಗಲಿ ಎನ್ನುವುದು ಒಂದು. ನನಗಾದದ್ದು ಇನ್ನಾರಿಗೂ ಆಗದಿರಲಿ ಎನ್ನುವುದು ಇನ್ನೊಂದು. ಬಾಬಾಸಾಹೇಬರು ಎರಡನೆಯದನ್ನು ಹಿಡಿದರು. ಅದೂ ಬರಿಯ ಒಳ್ಳೆಯ ಮನಸ್ಸಿನಿಂದಲ್ಲ, ನಿಯಮದಿಂದ. ಬರೋಡದ ಪಾಠ ಅವರಿಗೆ ನೆನಪಿತ್ತು.

▪️ ಕೇಂದ್ರ ಸರ್ಕಾರದ ನೌಕರಿಗಳಲ್ಲಿ ಪರಿಶಿಷ್ಟ ಜಾತಿಗಳಿಗೆ ಪಾಲು ಬೇಕೆಂದು 1942ರಲ್ಲೇ ಮನವಿ ಬರೆದರು. 1943ರ ಆಗಸ್ಟಿನಲ್ಲಿ ಶೇ. 8.33 ಮೀಸಲಾತಿಯ ಆದೇಶ ಬಂತು.

▪️ ಸರ್ಕಾರ, ಮಾಲೀಕರು, ಕಾರ್ಮಿಕರು ಒಂದೇ ಮೇಜಿನ ಸುತ್ತ ಕೂತು ಮಾತಾಡುವ ತ್ರಿಪಕ್ಷೀಯ ಸಮ್ಮೇಳನಗಳನ್ನು ನಡೆಸಿದರು. ಯಾರ ಬಗ್ಗೆ ತೀರ್ಮಾನವೋ ಅವರೂ ಆ ಮೇಜಿನಲ್ಲಿರಬೇಕು ಎಂಬುದು ಅದರ ತಿರುಳು.

▪️ ಅವರ ಇಲಾಖೆ ಸಿದ್ಧಪಡಿಸಿದ ತಿದ್ದುಪಡಿಯಿಂದ 1946ರಲ್ಲಿ ಕಾರ್ಖಾನೆಗಳ ವಾರದ ದುಡಿಮೆ 54 ಗಂಟೆಯಿಂದ 48 ಗಂಟೆಗೆ ಇಳಿಯಿತು.

▪️ ಹೆರಿಗೆ ಸೌಲಭ್ಯದ ವಿಚಾರ ಅವರಿಗೆ ಹೊಸದಲ್ಲ. 1928ರಲ್ಲೇ ಮುಂಬಯಿ ಶಾಸನ ಪರಿಷತ್ತಿನಲ್ಲಿ ಅದರ ಮಸೂದೆಯನ್ನು ಬೆಂಬಲಿಸಿದ್ದರು. ಹೆರಿಗೆಯ ಮುಂಚೆ, ನಂತರ ತಾಯಿಗೆ ವಿಶ್ರಾಂತಿ ಸಿಗುವುದು ದೇಶಕ್ಕೇ ಒಳಿತು ಎಂಬುದು ಅವರ ವಾದ. ಈಗ ಗಣಿಯ ಹೆಣ್ಣುಮಕ್ಕಳ ಹೆರಿಗೆ ಕಾನೂನನ್ನು ಬಲಪಡಿಸಿದರು.

1943ರ ಡಿಸೆಂಬರಿನಲ್ಲಿ ಅವರು ಧನಬಾದಿನ ಕಲ್ಲಿದ್ದಲು ಗಣಿಗೆ ಹೋದರು. ನೂರಾರು ಅಡಿ ಆಳಕ್ಕೆ ಇಳಿದು ಕೆಲಸಗಾರರನ್ನು ಕಂಡರು, ಅವರ ವಸತಿಗಳನ್ನು ನೋಡಿದರು. ವರದಿ ಓದಿ ಸಹಿ ಹಾಕಿದ್ದರೂ ಯಾರೂ ಕೇಳುತ್ತಿರಲಿಲ್ಲ.

ಇಲ್ಲಿ ಒಂದು ಕಹಿಯನ್ನೂ ಮುಚ್ಚಿಡಬಾರದು. ಯುದ್ಧಕಾಲದ ಕಲ್ಲಿದ್ದಲಿನ ಕೊರತೆಯಿಂದ 1943ರಲ್ಲಿ ಸರ್ಕಾರ ಹೆಂಗಸರು ಗಣಿಯೊಳಗೆ ದುಡಿಯುವುದರ ಮೇಲಿದ್ದ ನಿಷೇಧವನ್ನು ತೆಗೆಯಿತು. ಬಹಳ ಟೀಕೆ ಬಂತು. ಸದನದಲ್ಲಿ ಅದಕ್ಕೆ ಉತ್ತರ ಕೊಡಬೇಕಾದವರು ಬಾಬಾಸಾಹೇಬರೇ. ಇದು ಯುದ್ಧದ ತುರ್ತಿಗಷ್ಟೇ ಎಂದು ಸಮರ್ಥಿಸಿಕೊಂಡರು. ಆದರೆ ಗಂಡಿಗೂ ಹೆಣ್ಣಿಗೂ ಒಂದೇ ಕೆಲಸಕ್ಕೆ ಒಂದೇ ಕೂಲಿ ಎಂಬ ತತ್ವವನ್ನು ಅಲ್ಲಿ ತಂದಿರುವುದನ್ನು ಎತ್ತಿ ಹೇಳಿದರು. 1946ರಲ್ಲಿ ನಿಷೇಧ ಮತ್ತೆ ಜಾರಿಯಾಯಿತು. ಕುರ್ಚಿಯಲ್ಲಿ ಕೂತವರಿಗೆ ಎಲ್ಲ ತೀರ್ಮಾನಗಳೂ ಸುಲಭವಲ್ಲ. ಸಿಕ್ಕಷ್ಟು ಜಾಗದಲ್ಲಿ ಯಾರ ಪರ ನಿಂತೆವು ಎಂಬುದೇ ಮುಖ್ಯ.

ಮುಂದೆ ಸಂವಿಧಾನದಲ್ಲಿ ಇದೆಲ್ಲ ಇನ್ನೂ ಗಟ್ಟಿಯಾಯಿತು. ಸರ್ಕಾರಿ ನೌಕರಿಯಲ್ಲಿ ಸಮಾನ ಅವಕಾಶ 16ನೇ ವಿಧಿ. ಅಸ್ಪೃಶ್ಯತೆಯ ನಿಷೇಧ 17ನೇ ವಿಧಿ. ಸಮಾನ ಕೆಲಸಕ್ಕೆ ಸಮಾನ ವೇತನ 39ನೇ ವಿಧಿ. ದುಡಿಮೆಯ ಜಾಗದಲ್ಲಿ ಮಾನವೀಯ ಸ್ಥಿತಿ ಮತ್ತು ಹೆರಿಗೆ ಸೌಲಭ್ಯ 42ನೇ ವಿಧಿ. ಹೆಣ್ಣುಮಕ್ಕಳ ಹಕ್ಕಿನ ಹಿಂದೂ ಕೋಡ್ ಮಸೂದೆ ನಿಂತುಹೋದಾಗ, 1951ರ ಸೆಪ್ಟೆಂಬರಿನಲ್ಲಿ ಮಂತ್ರಿಪದವಿಯನ್ನೇ ಬಿಟ್ಟರು. ಕುರ್ಚಿಯನ್ನು ಬಳಸುವುದೂ ಅವರಿಗೆ ಗೊತ್ತಿತ್ತು, ಬಿಡುವುದೂ ಗೊತ್ತಿತ್ತು.

*ಉಪಾಲಿಗೆ ಮೊದಲ ನಮಸ್ಕಾರ*

1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಅವರು ನಮ್ಮನ್ನು ಧಮ್ಮಕ್ಕೆ ಕರೆತಂದರು. ಎರಡು ತಿಂಗಳೂ ತುಂಬುವ ಮುನ್ನ, ಡಿಸೆಂಬರ್ 6ರಂದು ಪರಿನಿಬ್ಬಾಣ ಹೊಂದಿದರು. ಬಿಟ್ಟುಹೋದ ಧಮ್ಮಗ್ರಂಥದಲ್ಲಿ ಕ್ಷೌರಿಕ ಉಪಾಲಿ, ಕಸ ಗುಡಿಸುವ ಸುನೀತ ಸಂಘ ಸೇರಿದ ಪ್ರಸಂಗಗಳನ್ನು ಬಿಡದೆ ಬರೆದಿದ್ದಾರೆ.

ಉಪಾಲಿಯ ಪ್ರಸಂಗ ನೆನೆಯೋಣ. ಶಾಕ್ಯ ರಾಜಕುಮಾರರೂ ಅವರ ಕ್ಷೌರಿಕನೂ ಒಟ್ಟಿಗೆ ದೀಕ್ಷೆಗೆ ಬಂದರು. ಸಂಘದಲ್ಲಿ ಮೊದಲು ಸೇರಿದವರಿಗೆ ಆಮೇಲೆ ಸೇರಿದವರು ನಮಸ್ಕರಿಸಬೇಕು. ತಮ್ಮ ಕುಲದ ಅಹಂಕಾರ ಇಳಿಯಲೆಂದು ರಾಜಕುಮಾರರೇ ಉಪಾಲಿಗೆ ಮೊದಲು ದೀಕ್ಷೆ ಕೊಡಿ ಎಂದು ಬುದ್ಧರನ್ನು ಕೇಳಿಕೊಂಡರು. ಹಾಗೇ ಆಯಿತು. ನಿನ್ನೆಯವರೆಗೆ ತಮ್ಮ ಕೂದಲು ಕತ್ತರಿಸಿದವನ ಮುಂದೆ ಅವರು ತಲೆ ಬಾಗಿಸಿದರು. ಒಳ್ಳೆಯ ಮನಸ್ಸು, ಅದನ್ನು ಕಾಯುವ ನಿಯಮ, ಎರಡೂ ಅಲ್ಲಿ ಸೇರಿದವು.

*ನಮ್ಮ ಕನ್ನಡಿ*

ಬಂಧುಗಳೇ, ನಮಗೆ ಆದ ಅವಮಾನ ನಮಗೆ ಬೇಗ ತಿಳಿಯುತ್ತದೆ. ಮೇಲಧಿಕಾರಿ ಅಡ್ಡಹೆಸರು ಕೇಳಿ ಜಾತಿ ಅಳೆದದ್ದು, ಮೀಸಲಾತಿಯವನು ಎಂದು ಹಿಂದೆ ನಕ್ಕದ್ದು, ಊಟದ ಡಬ್ಬಿ ತೆರೆದಾಗ ಪಕ್ಕದವರು ಎದ್ದು ಹೋದದ್ದು, ಯಾವುದನ್ನೂ ನಾವು ಮರೆತಿಲ್ಲ. ಅದನ್ನು ಪ್ರಶ್ನಿಸಬೇಕು, ಕಾನೂನಿನ ದಾರಿಯಲ್ಲಿ ಹೋರಾಡಬೇಕು. ಅದು ಬಾಬಾಸಾಹೇಬರ ದಾರಿ.

ಆದರೆ ಅವರ ದಾರಿಯ ಇನ್ನೊಂದು ಅರ್ಧ ನಮ್ಮನ್ನು ನಾವು ಕೇಳಿಕೊಳ್ಳುವುದು. ಕಳೆದ ಭಾನುವಾರ ನಮ್ಮ ಅಧ್ಯಯನ ಕೂಟದಲ್ಲಿ ಒಂದು ಪ್ರಶ್ನೆ ಬಂತು: ನಿಮ್ಮ ಕಚೇರಿಯ ಶೌಚಾಲಯ ತೊಳೆಯುವವರ ಹೆಸರೇನು? ಬಹಳ ಮಂದಿ ಸುಮ್ಮನಾದೆವು. ಈ ಸಾಲುಗಳನ್ನು ಬರೆಯುತ್ತಿರುವವನೂ ಅವರಲ್ಲಿ ಒಬ್ಬ. ಆ ತಾಯಿ ನನ್ನ ಮೇಜನ್ನು ಒರೆಸಲು ಶುರುಮಾಡಿ ಆರು ವರ್ಷವಾಗಿತ್ತು. ಮರುದಿನ ಹೆಸರು ಕೇಳಿದಾಗ ಆಕೆ ಮೊದಲು ಹೆದರಿದರು. ಏನೋ ತಪ್ಪು ಕಂಡುಹಿಡಿದೆನೇನೋ ಎಂದುಕೊಂಡರು. ಆ ಹೆದರಿಕೆ ನೋಡಿ ನನಗೆ ಬರೋಡದ ಕಚೇರಿ ನೆನಪಾಯಿತು. ಈ ಸಲ ಮೇಜಿನ ಈಚೆ ಕೂತವನು ನಾನು.

ಹೊರಗುತ್ತಿಗೆಯ ನೌಕರರಿಗೆ ಬೇರೆ ಲೋಟ, ಬೇರೆ ಮೂಲೆ ಇದೆಯೇ? ಸಭೆಯಲ್ಲಿ ಹೆಣ್ಣುಮಗಳ ಮಾತನ್ನು ನಡುವೆ ತುಂಡರಿಸುವವರಲ್ಲಿ ನಾವೂ ಇದ್ದೇವೆಯೇ? ಅಂಗವಿಕಲ ಸಹೋದ್ಯೋಗಿ ಮೆಟ್ಟಿಲ ಬುಡದಲ್ಲಿ ನಿಂತಿದ್ದಾಗ ಲಿಫ್ಟ್ ಕೇಳಿದವರು ಯಾರು? ಮುಸ್ಲಿಂ ಗೆಳೆಯನ ಬಗ್ಗೆ ಹಗುರ ಮಾತು ಬಂದಾಗ ನಾವು ನಕ್ಕೆವೇ? ನಮ್ಮೊಳಗಿನ ಎಡಗೈ ಬಲಗೈ ಗೋಡೆಯನ್ನು ಕಚೇರಿಯ ಒಳಕ್ಕೂ ಹೊತ್ತು ತಂದಿದ್ದೇವೆಯೇ? ಧಮ್ಮ ಸ್ವೀಕರಿಸಿದ ಮೇಲೂ ಆ ಗೋಡೆ ಉಳಿದರೆ ನಾವು ಬದಲಿಸಿದ್ದು ಹೆಸರನ್ನು ಮಾತ್ರ.

*ಇಂದಿನ ಸಂಕಲ್ಪ*

1️⃣ ನಮ್ಮ ಕೆಲಸದ ಜಾಗ ಶುಚಿ ಮಾಡುವವರ ಹೆಸರು ತಿಳಿದು, ಗೌರವದಿಂದ ಕರೆಯುತ್ತೇನೆ.

2️⃣ ಒಂದು ತೀರ್ಮಾನ ಮಾಡುವ ಮುನ್ನ, ಅದರಿಂದ ಬಾಧೆಗೊಳ್ಳುವವರ ಮಾತು ಕೇಳುತ್ತೇನೆ.

3️⃣ ಯಾರಿಗಾದರೂ ನೀರು, ಕುರ್ಚಿ, ರಜೆ, ಮಾತು ಸಿಗದಿದ್ದರೆ ಸುಮ್ಮನಿರುವುದಿಲ್ಲ. ನನ್ನ ಕೈಯಲ್ಲಿ ಎಷ್ಟು ಅಧಿಕಾರವಿದೆಯೋ ಅಷ್ಟನ್ನೂ ಬಳಸಿ ಅದನ್ನು ನಿಯಮವಾಗಿಸಲು ಯತ್ನಿಸುತ್ತೇನೆ.

ಇದೇ ಸಮ್ಯಕ್ ಆಜೀವ, ಇದೇ ಮೈತ್ರಿ. ಕಮಾಟಿ ಬಾಗಿನಲ್ಲಿ ರೈಲಿಗಾಗಿ ಕಾದ ಆ ಯುವಕನಂತೆ ಇವತ್ತು ನಮ್ಮ ಕಚೇರಿಯಲ್ಲಿ ಯಾರೂ ಒಂಟಿಯಾಗಿ ಕೂರದಿರಲಿ.

ಎಲ್ಲರಿಗೂ ಮಂಗಳವಾಗಲಿ.
ಸಾಧು, ಸಾಧು, ಸಾಧು 🙏

*ನಮೋ ಬುದ್ಧಾಯ. ಜೈ ಭೀಮ್.*

_ಓದಿ, ಕುಟುಂಬದವರೊಂದಿಗೆ ಚರ್ಚಿಸಿ, ನಿಮ್ಮ ಬಳಗಕ್ಕೂ ಕಳುಹಿಸಿ._