ವ್ಯವಹಾರವೂ ಒಂದು ವಿದ್ಯೆ: ಸರ್ ಎಂ. ವಿಶ್ವೇಶ್ವರಯ್ಯನವರ ಜೀವನದ ಒಂದು ಮುಖ

ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರನ್ನು ಕೇಳದ ಕನ್ನಡಿಗರು ಇರಲಾರರು. ಕನ್ನಂಬಾಡಿಯ ಕಟ್ಟೆ ಎಂದೊಡನೆ ಆ ಮಹನೀಯರ ಪೇಟ ತೊಟ್ಟ ಮುಖ ನಮ್ಮ ಕಣ್ಣ ಮುಂದೆ ನಿಲ್ಲುತ್ತದೆ. ಆದರೆ ಅವರನ್ನು ಕಲ್ಲು-ಗಾರೆಗಳ ಎಂಜಿನಿಯರರೆಂದು ಮಾತ್ರ ನೆನೆಯುವುದು ಅವರ ಅರ್ಧ ಜೀವನವನ್ನು ಮರೆತಂತೆ. ಕಾರಖಾನೆಯನ್ನು ನಡೆಸುವುದು, ಬ್ಯಾಂಕನ್ನು ಕಟ್ಟುವುದು, ಲೆಕ್ಕವನ್ನು ತಪ್ಪಿಲ್ಲದೆ ಇಡುವುದು, ಹತ್ತು ಜನರ ದುಡಿಮೆಯನ್ನು ಒಂದು ಗುರಿಗೆ ತಿರುಗಿಸುವುದು, ಇವು ಕೂಡ ಕಲಿತು ಬರಬೇಕಾದ ವಿದ್ಯೆಗಳೇ ಎಂಬ ನಂಬಿಕೆ ಅವರದಾಗಿತ್ತು. ಆ ಮುಖವನ್ನು ಕುರಿತು ನಾಲ್ಕು ಮಾತು ಬರೆಯುವುದು ಈ ಲೇಖನದ ಉದ್ದೇಶ.

ವಿಶ್ವೇಶ್ವರಯ್ಯನವರು ಹುಟ್ಟಿದ್ದು 1860ನೆಯ ಇಸವಿ ಸೆಪ್ಟೆಂಬರ್ 15ರಂದು, ಚಿಕ್ಕಬಳ್ಳಾಪುರದ ಬಳಿಯ ಮುದ್ದೇನಹಳ್ಳಿಯಲ್ಲಿ. ತಂದೆ ಶ್ರೀನಿವಾಸ ಶಾಸ್ತ್ರಿಗಳು ಸಂಸ್ಕೃತ ವಿದ್ವಾಂಸರು. ಮನೆಯಲ್ಲಿ ವಿದ್ಯೆಯಿತ್ತು, ಹಣವಿರಲಿಲ್ಲ. ಬಾಲ್ಯದಲ್ಲಿಯೇ ತಂದೆಯನ್ನು ಕಳೆದುಕೊಂಡ ಬಾಲಕ ಬೆಂಗಳೂರಿಗೆ ಬಂದು, ಮನೆಪಾಠ ಹೇಳಿ ಓದಿನ ಖರ್ಚನ್ನು ತಾನೇ ಹೊಂದಿಸಿಕೊಂಡ. 1881ರಲ್ಲಿ ಸೆಂಟ್ರಲ್ ಕಾಲೇಜಿನಿಂದ ಬಿ.ಎ. ಪದವಿ ಬಂದಿತು. ಆಗ ಮೈಸೂರು ಸಂಸ್ಥಾನದಲ್ಲಿ ವಿಶ್ವವಿದ್ಯಾನಿಲಯವೇ ಇರಲಿಲ್ಲ. ಪದವಿಯ ಪರೀಕ್ಷೆ ಮದರಾಸು ವಿಶ್ವವಿದ್ಯಾನಿಲಯದ್ದು. ಅಲ್ಲಿಂದ ಮುಂದೆ ಸಂಸ್ಥಾನದ ವಿದ್ಯಾರ್ಥಿವೇತನದಿಂದ ಪುಣೆಗೆ ಹೋಗಿ ಎಂಜಿನಿಯರಿಂಗ್ ಓದಿ, ಪ್ರಥಮ ಸ್ಥಾನದಲ್ಲಿ ತೇರ್ಗಡೆ ಹೊಂದಿ, 1884ರಲ್ಲಿ ಮುಂಬಯಿ ಸರಕಾರದ ಲೋಕೋಪಯೋಗಿ ಇಲಾಖೆಯನ್ನು ಸೇರಿದರು. ಸರಕಾರದ ಒಂದು ವಿದ್ಯಾರ್ಥಿವೇತನ ಬಡ ಮನೆಯ ಹುಡುಗನೊಬ್ಬನನ್ನು ಎಲ್ಲಿಗೆ ಮುಟ್ಟಿಸಬಲ್ಲುದು ಎಂಬುದನ್ನು ವಾಚಕರು ಗಮನದಲ್ಲಿಡಬೇಕು. ಈ ಮಾತಿಗೆ ಮುಂದೆ ಮರಳಿ ಬರುತ್ತೇನೆ.

1908ರಲ್ಲಿ ಅವರು ತಾವಾಗಿಯೇ ಮುಂಬಯಿಯ ಸೇವೆಯಿಂದ ನಿವೃತ್ತರಾಗಿ ಯುರೋಪಿನ ಪ್ರವಾಸ ಕೈಗೊಂಡರು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಮೂಸಿ ನದಿ ಉಕ್ಕಿ ಹೈದರಾಬಾದ್ ನಗರದಲ್ಲಿ ಸಾವಿರಾರು ಜನ ಪ್ರಾಣ ಕಳೆದುಕೊಂಡರು. ನಿಜಾಮ ಸರಕಾರ ವಿಶ್ವೇಶ್ವರಯ್ಯನವರನ್ನು ಕರೆಸಿಕೊಂಡಿತು. ಪ್ರವಾಹವನ್ನು ಮೇಲೆಯೇ ತಡೆಯುವ ಜಲಾಶಯಗಳ ಯೋಜನೆಯನ್ನು ಅವರು ಹಾಕಿಕೊಟ್ಟರು. ಅದರ ಫಲವಾಗಿ 1920ರಲ್ಲಿ ಉಸ್ಮಾನ್ ಸಾಗರವೂ 1927ರಲ್ಲಿ ಹಿಮಾಯತ್ ಸಾಗರವೂ ಸಿದ್ಧವಾದವು. ಆ ದಿನಗಳಲ್ಲಿ ನಮ್ಮ ಕಲಬುರಗಿಯೂ ನಿಜಾಮರ ಆಳ್ವಿಕೆಗೆ ಸೇರಿದ್ದಿತಾದ್ದರಿಂದ, ಆ ಮಹನೀಯರು ಕೇವಲ ಹಳೆಯ ಮೈಸೂರಿನವರಿಗೆ ಸೇರಿದವರಲ್ಲ, ನಮ್ಮ ರಾಜಧಾನಿಯನ್ನೂ ಕಾಯ್ದವರು ಎಂದು ನಾವು ಧಾರಾಳವಾಗಿ ಹೇಳಬಹುದು.

1908ನೆಯ ಇಸವಿಗೆ ಇನ್ನೊಂದು ಮಹತ್ವವಿದೆ. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯವು ಪದವೀಧರರಿಗಾಗಿ ವ್ಯವಹಾರ ಶಾಲೆಯೊಂದನ್ನು ತೆರೆದದ್ದು ಅದೇ ವರ್ಷ. ವ್ಯಾಪಾರವನ್ನು ಅಂಗಡಿಯ ಗಲ್ಲೆಯ ಮುಂದೆ ಕುಳಿತು ಕಲಿಯಬೇಕೇ ಹೊರತು ತರಗತಿಯಲ್ಲಿ ಕಲಿಯಲಾದೀತೇ ಎಂದು ಜಗತ್ತೆಲ್ಲ ಸಂಶಯಪಡುತ್ತಿದ್ದ ಕಾಲ ಅದು. ನಮ್ಮಲ್ಲಂತೂ ಕಸುಬು ಜಾತಿಯೊಡನೆ, ಮನೆತನದೊಡನೆ ಅಂಟಿಕೊಂಡು ಬಂದದ್ದು. ಸಾಹುಕಾರರ ಮಗ ಸಾಹುಕಾರ, ಮುನೀಮರ ಮಗ ಮುನೀಮ, ಹಮಾಲರ ಮಗ ಹಮಾಲ. ವ್ಯವಹಾರವು ಕಲಿಸಬಹುದಾದ ವಿದ್ಯೆ ಎಂದು ಒಪ್ಪಿದರೆ, ಅದು ಯಾರು ಬೇಕಾದರೂ ಕಲಿಯಬಹುದಾದ ವಿದ್ಯೆ ಎಂದೂ ಒಪ್ಪಬೇಕಾಗುತ್ತದೆ. ಈ ಸಂಗತಿಯ ನಿಜವಾದ ತಿರುಳು ಇರುವುದು ಇಲ್ಲಿ.

1909ರ ಕೊನೆಯಲ್ಲಿ ವಿಶ್ವೇಶ್ವರಯ್ಯನವರು ಮೈಸೂರಿನ ಮುಖ್ಯ ಎಂಜಿನಿಯರರಾದರು. ನೀರಾವರಿಯ ಕೆಲಸವಷ್ಟರಿಂದಲೇ ಅವರಿಗೆ ತೃಪ್ತಿಯಾಗಲಿಲ್ಲ. 1911ರಲ್ಲಿ ಅವರ ಪ್ರೇರಣೆಯಿಂದ ಮೈಸೂರು ಆರ್ಥಿಕ ಸಮ್ಮೇಳನ ಆರಂಭವಾಯಿತು. ಬೇಸಾಯ, ಶಿಕ್ಷಣ, ಕೈಗಾರಿಕೆ ಮತ್ತು ವಾಣಿಜ್ಯ ಎಂದು ಮೂರು ಸಮಿತಿಗಳು. ಅಧಿಕಾರಿಗಳೂ ವರ್ತಕರೂ ರೈತರೂ ಒಂದೆಡೆ ಕುಳಿತು ನಾಡಿನ ಸಂಪತ್ತಿನ ವಿಚಾರ ಮಾಡುವುದು ಆಗಿನ ಕಾಲಕ್ಕೆ ಹೊಸತು. 1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅವರನ್ನು ದಿವಾನರನ್ನಾಗಿ ನೇಮಿಸಿದರು. 1913ರಲ್ಲಿ ಮೈಸೂರು ಬ್ಯಾಂಕು ಹುಟ್ಟಿತು. ಒಂದು ಶತಮಾನಕ್ಕೂ ಮೀರಿ ಬಾಳಿದ ಆ ಬ್ಯಾಂಕು 2017ರಲ್ಲಿ ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ ವಿಲೀನವಾಯಿತು. 1916ರಲ್ಲಿ ವಾಣಿಜ್ಯ ಮಂಡಲಿ ಸ್ಥಾಪನೆಯಾಯಿತು. ಅದೇ ವರ್ಷ ಜುಲೈ ತಿಂಗಳಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಆರಂಭವಾಯಿತು. ದೇಶೀಯ ಸಂಸ್ಥಾನವೊಂದು ವಿಶ್ವವಿದ್ಯಾನಿಲಯವನ್ನು ಸ್ಥಾಪಿಸಿದ್ದು ಅದೇ ಮೊದಲು. ಪದವಿಗಾಗಿ ಹೊರನಾಡಿನ ಬಾಗಿಲು ತಟ್ಟಿದ್ದ ಹುಡುಗ ತನ್ನ ನಾಡಿನ ಮಕ್ಕಳಿಗೆ ಬಾಗಿಲನ್ನು ಮನೆಯಲ್ಲಿಯೇ ತೆರೆಸಿದ.

ಅಡಿಪಾಯವನ್ನು ಮರೆತು ಗೋಪುರ ಕಟ್ಟುವವರು ಅವರಲ್ಲ. ಅವರ ಆರು ವರ್ಷಗಳ ದಿವಾನಗಿರಿಯಲ್ಲಿ ಸಂಸ್ಥಾನದ ಶಾಲೆಗಳ ಸಂಖ್ಯೆ ಸುಮಾರು 4,500ರಿಂದ 11,000ದ ವರೆಗೂ, ಮಕ್ಕಳ ಸಂಖ್ಯೆ ಸುಮಾರು 1,40,000ದಿಂದ 3,66,000ದ ವರೆಗೂ ಏರಿತು.

ಈ ಉಜ್ವಲ ಅಧ್ಯಾಯ ಮುಗಿದ ಬಗೆಯನ್ನು ಮುಚ್ಚಿಡುವುದು ಸರಿಯಲ್ಲ. ಸರಕಾರಿ ಹುದ್ದೆಗಳಲ್ಲಿ ಹಿಂದುಳಿದ ಸಮಾಜಗಳಿಗೆ ಪಾಲು ಬೇಕೆಂಬ ಕೂಗು ಮೈಸೂರಿನಲ್ಲಿ ಎದ್ದಾಗ ಮಹಾರಾಜರು 1918ರಲ್ಲಿ ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯೊಂದನ್ನು ನೇಮಿಸಿದರು. ಹುದ್ದೆಗೆ ಯೋಗ್ಯತೆಯೊಂದೇ ಅಳತೆಗೋಲಾಗಿರಬೇಕು, ಜಾತಿಯ ಆಧಾರದ ನೇಮಕದಿಂದ ಆಡಳಿತದ ದಕ್ಷತೆ ಕುಂದುತ್ತದೆ ಎಂಬುದು ದಿವಾನರ ನಿಲುವು. ಅಭಿಪ್ರಾಯ ಭೇದ ಬಲಿತು ಆ ವರ್ಷದ ಕೊನೆಗೆ ಅವರು ಅಧಿಕಾರದಿಂದ ಹೊರಬಂದರು.

ಈ ವಿಷಯದಲ್ಲಿ ಆ ಹಿರಿಯರ ಮಾತನ್ನು ಒಪ್ಪಲು ನನ್ನಿಂದಾಗದು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಈ ಕಾಲೇಜಿನಲ್ಲಿ ನನ್ನಂಥವರು ಬಹಳ ಮಂದಿ ಇದ್ದಾರೆ. ಯೋಗ್ಯತೆ ಎಂಬುದು ಬೀಜದಂತೆ. ನೆಲವೂ ನೀರೂ ಸಿಕ್ಕದೆ ಹೋದರೆ ಒಳ್ಳೆಯ ಬೀಜವೂ ಮೊಳೆಯದು. ಮುದ್ದೇನಹಳ್ಳಿಯ ಬಾಲಕನಿಗೆ ಹಣವಿರಲಿಲ್ಲ, ನಿಜ. ಆದರೆ ಅಕ್ಷರವು ತಲೆತಲಾಂತರದಿಂದ ಮನೆಯಲ್ಲಿತ್ತು. ಅಕ್ಷರವೂ ಇಲ್ಲದ ಮನೆಗಳ ಮಾತೇನು? ಕಲ್ಯಾಣ ಕರ್ನಾಟಕಕ್ಕೆ ಸಂವಿಧಾನದ 371(ಜೆ) ವಿಧಿಯನ್ನು ಸೇರಿಸಲು 2012ರಲ್ಲಿ ಸಂಸತ್ತು ಒಪ್ಪಿದ್ದು, ಹಿಂದೆ ಬಿದ್ದ ನೆಲಕ್ಕೆ ನೀರು ಹಾಯಿಸದೆ ಬೆಳೆ ಕೇಳುವುದು ನ್ಯಾಯವಲ್ಲ ಎಂಬ ತಿಳಿವಿನಿಂದಲೇ. ಆದರೂ ಅವರ ದಕ್ಷತೆಯ ಮಾತನ್ನು ನಾವು ಪೂರ್ತಿ ತಳ್ಳಿಹಾಕಬಾರದು. ಅವಕಾಶವನ್ನು ಪಡೆದವನು ಕೆಲಸದಲ್ಲಿ ಜರಡಿಯಾದರೆ ಅವನ ಹಿಂದೆ ಬರುವವರ ಹಾದಿಗೆ ಮುಳ್ಳು ಬೀಳುತ್ತದೆ.

ಅಧಿಕಾರ ಹೋದ ಮೇಲೆ ಅವರ ವ್ಯವಹಾರ ಜ್ಞಾನಕ್ಕೆ ನಿಜವಾದ ಪರೀಕ್ಷೆ ಬಂದಿತು. ಭದ್ರಾವತಿಯ ಕಬ್ಬಿಣದ ಕಾರಖಾನೆ 1923ರಲ್ಲಿ ಕೆಲಸ ಆರಂಭಿಸಿ ನಷ್ಟದಲ್ಲಿ ಮುಳುಗುತ್ತಿತ್ತು. ಮೊದಲನೆಯ ಮಹಾಯುದ್ಧದ ತರುವಾಯ ಕಬ್ಬಿಣದ ಧಾರಣೆ ಕುಸಿದಿತ್ತು. ಮಹಾರಾಜರ ಅಪೇಕ್ಷೆಯಂತೆ ಅವರು ಕಾರಖಾನೆಯ ಆಡಳಿತ ಮಂಡಲಿಯ ಅಧ್ಯಕ್ಷತೆ ವಹಿಸಿಕೊಂಡರು. ಖರ್ಚನ್ನು ಬಿಗಿಹಿಡಿದರು, ಲೆಕ್ಕವನ್ನು ಸರಿಪಡಿಸಿದರು, ಹೊರದೇಶದ ತಜ್ಞರ ಜಾಗದಲ್ಲಿ ನಾಡಿನ ಯುವಕರನ್ನೇ ತರಬೇತಿ ಕೊಟ್ಟು ನಿಲ್ಲಿಸಿದರು. 1929ರಲ್ಲಿ ಅವರು ಆ ಹೊಣೆಯನ್ನು ಇಳಿಸುವ ಹೊತ್ತಿಗೆ ಕಾರಖಾನೆ ತನ್ನ ಕಾಲ ಮೇಲೆ ನಿಂತಿತ್ತು. ತಮಗೆ ಬರಬೇಕಾಗಿದ್ದ ಸಂಭಾವನೆಯ ಹಣವನ್ನು ಅವರು ಬಡ ಹುಡುಗರು ಕಸುಬು ಕಲಿಯುವ ಸಂಸ್ಥೆಗೆ ಬಿಟ್ಟುಕೊಟ್ಟರು. ಅದೇ 1943ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಶ್ರೀ ಜಯಚಾಮರಾಜೇಂದ್ರ ವೃತ್ತಿಶಿಕ್ಷಣ ಸಂಸ್ಥೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದೊಡನೆಯೂ ಅವರ ಸಂಬಂಧ ದೀರ್ಘವಾದುದು. ಅದರ ‘ಕೋರ್ಟ್’ ಸಭೆಯ ಅಧ್ಯಕ್ಷರಾಗಿ ಅವರು ಹಲವು ವರ್ಷ ದುಡಿದರು. ವಿಜ್ಞಾನದ ಆ ಮಂದಿರದಲ್ಲಿ 1940ರ ದಶಕದ ಕಡೆಯಲ್ಲಿ ಅರ್ಥಶಾಸ್ತ್ರ ಮತ್ತು ಸಮಾಜ ವಿಜ್ಞಾನಗಳಿಗೆಂದು ಒಂದು ವಿಭಾಗ ತೆರೆಯಿತು. ಕಾಲಕ್ರಮದಲ್ಲಿ ಅದು ಕೈಗಾರಿಕಾ ಆಡಳಿತವನ್ನು ಬೋಧಿಸುವ ವಿಭಾಗವಾಗಿ ಬೆಳೆಯಿತು. ಸಂಶೋಧನೆಯ ವಿಶ್ವವಿದ್ಯಾನಿಲಯದೊಳಗೇ ಪದವೀಧರರಿಗೆ ವ್ಯವಹಾರ ವಿದ್ಯೆಯನ್ನು ಕಲಿಸುವ ಪದ್ಧತಿಗೆ ನಮ್ಮ ದೇಶದಲ್ಲಿ ಅದು ತೀರ ಮೊದಲಿನ ಉದಾಹರಣೆಗಳಲ್ಲೊಂದು. ಪ್ರಯೋಗಶಾಲೆಯ ಪಕ್ಕದಲ್ಲಿ ಲೆಕ್ಕದ ವಹಿಗೂ ಜಾಗವಿರಬೇಕು ಎಂಬ ವಿಚಾರ ಕೊನೆಗೂ ಬೇರೂರಿತು.

1955ರಲ್ಲಿ ಭಾರತರತ್ನ ಪ್ರಶಸ್ತಿ ಬಂದಿತು. ನೂರು ವರ್ಷಗಳ ಮೇಲೆ ಬಾಳಿ 1962ರ ಏಪ್ರಿಲ್ ತಿಂಗಳಲ್ಲಿ ವಿಶ್ವೇಶ್ವರಯ್ಯನವರು ಕಣ್ಮುಚ್ಚಿದರು.

ವಿದ್ಯಾರ್ಥಿ ಮಿತ್ರರೇ, ನಮ್ಮ ಸ್ಟೇಶನ್ ಬಜಾರದ ಅಂಗಡಿಗಳನ್ನು, ಗಂಜಿನ ಅಡತಿಗಳನ್ನು, ತೊಗರಿಬೇಳೆಯ ಗಿರಣಿಗಳನ್ನು ಒಮ್ಮೆ ನೋಡಿರಿ. ಕಲಬುರಗಿಯ ತೊಗರಿಗೆ 2019ರಲ್ಲಿ ಭೌಗೋಳಿಕ ಗುರುತು ದೊರೆಯಿತು. ಕಮಲಾಪುರದ ಕೆಂಪು ಬಾಳೆಯ ಕೀರ್ತಿಯೂ ದೂರ ಹಬ್ಬಿದೆ. ಬೆಳೆಯುವ ಕೈ ನಮ್ಮದು. ಬೆಲೆ ಕಟ್ಟುವ ಕೈ ಮಾತ್ರ ಬೇರೆಯವರದು. 1980ರಿಂದ ನಮಗೂ ಒಂದು ವಿಶ್ವವಿದ್ಯಾನಿಲಯವಿದೆ; ಆ ಮಹನೀಯರ ಹೆಸರು ಹೊತ್ತ ತಾಂತ್ರಿಕ ವಿಶ್ವವಿದ್ಯಾನಿಲಯದ ಕೇಂದ್ರವೂ ಈ ಊರಿನಲ್ಲಿದೆ. ಬಿ.ಎ. ಓದಿದವರಿಗೆ ವ್ಯವಹಾರ ವಿದ್ಯೆ ಎಟುಕದು ಎಂಬ ಅಳುಕು ನಮ್ಮಲ್ಲಿ ಬೇಡ. ವಿಶ್ವೇಶ್ವರಯ್ಯನವರ ಮೊದಲ ಪದವಿಯೂ ಬಿ.ಎ.ಯೇ. ಅವರು ಒಪ್ಪದ ಅವಕಾಶವನ್ನು ನಾವು ಪಡೆದಿದ್ದೇವೆ. ಅವರು ಒಪ್ಪುವಂಥ ದಕ್ಷತೆಯನ್ನು ಅದರ ಬದಲಿಗೆ ತೋರಿಸುವುದು ನಮ್ಮ ಮೇಲಿರುವ ಸಾಲ.